ಅತ್ತೆಗೊಂದು ಕೈಪಿಡಿ

ಮನೆಯ ಮುಂದಿನ ಏಳು ಮೆಟ್ಟಿಲಿಗೆ ನಾನೇ, ನನ್ನ ಸ್ವಹಸ್ತದಿಂದಲೇ, ಹಿಡಿದು ಹತ್ತುವ ಕೈಪಿಡಿ ಹಾಕುತ್ತೇನೆಂದು ನವೆಂಬರಿನ ಒಂದು ಶನಿವಾರ ಘೋಷಿಸಿಬಿಟ್ಟೆ! ನವೆಂಬರ್ ಬಂತೆಂದರೆ ಕಿರ್ಗಿಸ್ತಾನದ ನಮ್ಮ ನಾರಿನ್ ಊರಿನಲ್ಲಿ ಮೆಟ್ಟಿಲುಗಳು ಮೆಟ್ಟಿಲಾಗಿ ಉಳಿಯುವುದಿಲ್ಲ, ಹಿಮಗಟ್ಟಿ ಜಾರುಬಂಡೆಯಾಗುತ್ತವೆ. ಸೊಂಟದ ಆಪರೇಷನ್ ಆಗಿ ಎರಡೇ ತಿಂಗಳಾಗಿದ್ದ, ನಾನು 'ಅಪಾ', ಅಂದರೆ ಅಮ್ಮ, ಎಂದೇ ಕರೆಯುವ ನಮ್ಮತ್ತೆ ಜೂರಾಕಾನ್ ಮರುದಿನ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು.

"ವೆಲ್ಡಿಂಗಿನವನನ್ನ ಕರೀರಿ," ಎಂದಳು ಹೆಂಡತಿ ಬುರುಲ್ಚಾ.

"ಯಾಕೆ? ನಾನು ಭೂಗೋಳದ ಮೇಷ್ಟ್ರು ಕಣೇ! ಪರ್ವತ ಹೆಂಗೆ ನಿಂತಿದೆ ಅಂತ ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ಮೂರು ಕಂಬ ನಿಲ್ಲಿಸೋಕೆ ಆಗಲ್ವಾ?"

"ರೀ, ಇದು ನೀವು ಮಕ್ಕಳಿಗೆ ಬರ್ಕೊಡೋ ಕೈಪಿಡಿ ಅಲ್ಲ, ತಪ್ಪಾದ್ರೆ ಅಳಿಸಿ ಬರೆಯೋಕೆ! ಅಮ್ಮನ ಸೊಂಟ!"

ನಾನು ಕೇಳಬೇಕಲ್ಲ! ಮೂರು ಗುಂಡಿ ಕೊರೆದೆ, ಪೈಪು ನಿಲ್ಲಿಸಿದೆ, ಅವುಗಳ ಮೇಲೊಂದು ಉದ್ದನೆಯ ಪೈಪು ಬಿಗಿದೆ, ಬುಡಕ್ಕೆ ಸಿಮೆಂಟು ಸುರಿದೆ. ಸಂಜೆಯ ಹೊತ್ತಿಗೆ ಎಲ್ಲ ಕಲ್ಲು! ಎರಡು ಸಲ ಒದ್ದು ನೋಡಿದೆ. ಕಾಲೇ ನೋಯಿತು.

ಭಾನುವಾರ ಮಧ್ಯಾಹ್ನ ಚೆಂದದ ಬಿಸಿಲು ಬಿತ್ತು. ಅತ್ತೆಯ ಟ್ಯಾಕ್ಸಿ ಬಂದು ನಿಂತಿತು. ಹೆಮ್ಮೆಯಿಂದ ಕೈಪಿಡಿಯ ಮೇಲೆ ಕೈಯಿಟ್ಟೆ. ಅದು ಅಲುಗಾಡಿತು! ರಾತ್ರಿಯ ಚಳಿಗೆ ಕಲ್ಲಾಗಿದ್ದದ್ದು ಸಿಮೆಂಟಲ್ಲ, ಅದರೊಳಗಿನ ನೀರು. ಈಗ ಕರಗಿ, ಗುಂಡಿಯ ತುಂಬ ಬೂದುಬಣ್ಣದ ಗಂಜಿ!

"ಅಪಾ, ಒಂದ್ನಿಮಿಷ ತಡೀರಿ!" ಎಂದು ಕೂಗಿದೆ.

"ಸುಮ್ನಿರಪ್ಪಾ. ಆಪರೇಷನ್ ಆದ್ಮೇಲೆ ಮೊದಲ್ನೇ ಸಲ ಒಬ್ಬಳೇ ಹತ್ತೋದು. ಯಾರೂ ಮುಟ್ಟಕೂಡದು!"

ಆಗಲೇ ಮೊದಲ ಮೆಟ್ಟಿಲೇರಿಯಾಗಿತ್ತು. ನಾನು ಮೆಟ್ಟಿಲ ಪಕ್ಕದ ಹಿಮಕ್ಕೆ ಹಾರಿ ನಡುಗಂಬವನ್ನು ತಬ್ಬಿಕೊಂಡೆ. ಎರಡು. ಮೂರು. ಬಾಗಿಲಲ್ಲಿ ಬುರುಲ್ಚಾ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿಯುವ ಜಾಲರಿ ಸೌಟು ಹಿಡಿದು, ನನ್ನ ಮುಖ ನೋಡಿ, ಉಸಿರು ಬಿಗಿಹಿಡಿದಳು. ನಾಲ್ಕು. ಐದನೆಯದರಲ್ಲಿ ಅತ್ತೆ ಸುಧಾರಿಸಿಕೊಳ್ಳಲು ನಿಂತು ಪೂರ್ತಿ ಭಾರ ಬಿಟ್ಟರು. ಪಚಕ್! ಕಂಬ ಹಲ್ಲು ಕಿತ್ತಂತೆ ಬುಡಸಮೇತ ಮೇಲೆದ್ದಿತು. ಮಂಡಿಯೂರಿ ಮೇಲಿನ ಪೈಪಿಗೆ ಹೆಗಲು ಕೊಟ್ಟೆ. ಅತ್ತೆಯ ಹೊಸ ಸೊಂಟ, ನನ್ನ ಹಳೆಯ ಹೆಗಲು, ನಡುವೆ ಒಂದು ಪೈಪು! ಕಣ್ಣು ಕತ್ತಲಿಟ್ಟಿತು. ದೇವರೇ, ಇನ್ನೆರಡೇ ಮೆಟ್ಟಿಲು!

ಆರು. ಏಳು! ಬುರುಲ್ಚಾ ಸೌಟು ಎಸೆದು ತಾಯಿಯನ್ನು ಅಪ್ಪಿಕೊಂಡಳು.

ಅತ್ತೆ ತಿರುಗಿ ನೋಡಿದರು. "ಅಳಿಯಾ, ಅಣೆಕಟ್ಟಲ್ಲಿ ಮೂವತ್ತು ಚಳಿಗಾಲ ಕಾಂಕ್ರೀಟ್ ಹಾಕಿದವಳು ನಾನು. ಮೊದಲ್ನೇ ಕಂಬ ಮುಟ್ಟಿದಾಗಲೇ ಗೊತ್ತಾಯ್ತು, ಇದು ನಿಲ್ಲಲ್ಲ ಅಂತ."

"ಮತ್ತೆ ಯಾಕೆ ಹತ್ತಿದ್ರಿ ಅಪಾ?"

"ಕಂಬ ನಂಬಿ ಹತ್ತಲಿಲ್ಲಪ್ಪಾ, ನಿನ್ನ ಮುಖ ನೋಡಿ ಹತ್ತಿದೆ. ಅಷ್ಟು ಹೆದರಿದವನು ಕೈ ಬಿಡಲ್ಲ."

ಇಪ್ಪತ್ತು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ! ಪೈಪು ಇಳಿಸಿ, ಎದ್ದು ನಿಲ್ಲಲು ಹೊರಟೆ.

"ಏಳಬೇಡ!" ಎಂದರು ಅತ್ತೆ. "ಊಟ ಮುಗಿಸಿ ಇಳೀತೀನಿ. ಅಲ್ಲೀವರೆಗೂ ಹಿಂಗೇ ಹೆದರ್ಕೊಂಡಿರು!"