ಸಮುದ್ರ ಸಪಾಟಾದ ದಿನ

ಒಂದಾನೊಂದು ಬೀದಿಯಲ್ಲಿ ಗಾಜು ಕೆತ್ತುವವನೊಬ್ಬನಿದ್ದ. ಇಪ್ಪತ್ತು ವರ್ಷ ಊರ ಬಾಗಿಲುಗಳಿಗೆಲ್ಲ 'ತಳ್ಳಿ', 'ಎಳೆಯಿರಿ' ಎಂದು ಕೆತ್ತಿದವನಿಗೆ ಕಡೆಗೂ ರಾಜಕುಮಾರಿಯಂಥ ಕೆಲಸ ಸಿಕ್ಕಿತು: ಗ್ರಂಥಾಲಯದ ಬಾಗಿಲಿಗೆ ಕವಯಿತ್ರಿಯೊಬ್ಬರ ಸಮುದ್ರದ ಪದ್ಯ. ಅದನ್ನು ಓದುವುದಕ್ಕಿಂತ ನೋಡುವುದೇ ಹೆಚ್ಚು. 'ಅಲೆ' ಎಂಬ ಮಾತು ಸಾಲುಸಾಲಾಗಿ ಏರಿಳಿಯಬೇಕು, ನೆತ್ತಿಯಲ್ಲಿ ಒಂದು 'ದೋಣಿ' ಕೂರಬೇಕು, ಬುಡದಲ್ಲಿ 'ನೊರೆ' ಚೆಲ್ಲಾಪಿಲ್ಲಿಯಾಗಬೇಕು.

"ಸಂಜೆಯೊಳಗೆ ಕೊಡಿ. ಚೆನ್ನಾಗಿ ಬಂದ್ರೆ ಮೂಲೇಲಿ ನಿಮ್ಮ ಹೆಸರೂ ಕೆತ್ಕೊಳ್ಳಿ," ಎಂದಿದ್ದರು ಕವಯಿತ್ರಿ.

ಗಾಜಿನ ಮೇಲೆ ತನ್ನ ಹೆಸರು. ಅವನು ಬೆಳಗ್ಗೆಯೇ ಬೀದಿಗೆಲ್ಲ ಹೇಳಿಕೊಂಡು ಬಂದ.

ಅಂಟುಹಾಳೆಯ ಅಕ್ಷರಗಳನ್ನು ಗಾಜಿಗೆ ಅಂಟಿಸಿ ಮರಳು ಊದಿದರೆ ಸುತ್ತಲಿನ ಗಾಜು ಮಂಜಾಗುತ್ತದೆ. ಆಮೇಲೆ ಅಕ್ಷರ ಕಿತ್ತರೆ ಅಷ್ಟು ಜಾಗ ತಿಳಿಯಾಗಿ ಉಳಿಯುತ್ತದೆ. ಅವನು ಅಂಟಿಸಿ ಮುಗಿಸುವಷ್ಟರಲ್ಲಿ ಪಕ್ಕದಂಗಡಿಯ ದರ್ಜಿ ಇಣುಕಿದ.

"ಏನಣ್ಣಾ, ಸಾಲೆಲ್ಲ ಕುಡಿದವರ ಹಾಗೆ ಓಲಾಡ್ತಿದೆ?"

"ಅದು ಅಲೆ ಕಣಯ್ಯ. ಹಾಗೇ ಇರ್ಬೇಕು."

"ನನ್ನ ಮೂರನೇ ಕ್ಲಾಸಿನ ಮಕ್ಳು ಇದಕ್ಕಿಂತ ನೇರ ಬರೀತಿದ್ರು," ಎಂದರು ಹಿಂದೆಯೇ ಬಂದ ಎದುರುಮನೆಯ ನಿವೃತ್ತ ಟೀಚರಮ್ಮ.

ಅವನು ಊಟಕ್ಕೆ ಹೋದ. ಅಲೆಯೆಂಬುದು ಬರೀ ನೆಪವೆಂದುಕೊಂಡ ಇವರಿಬ್ಬರ ಕರುಳು ಚುರ್ರೆಂದಿತು. ಪಾಪ, ಹೆಸರು ಹಾಕಿಕೊಳ್ಳುವ ಕೆಲಸ, ಸೊಟ್ಟಗಾದರೆ ಗತಿಯೇನು? ದರ್ಜಿ ಟೇಪು ಹಿಡಿದು ಅಲೆಗಳನ್ನೆಲ್ಲ ಕಿತ್ತು, ಪ್ಯಾಂಟಿನ ಇಸ್ತ್ರಿಗೆರೆಯಷ್ಟು ನೇರವಾಗಿ ಅಂಟಿಸಿದ. ಟೀಚರಮ್ಮ ನೊರೆಯನ್ನು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲುಗಟ್ಟಿಸಿದರು. ದೋಣಿ ಸಾಲಿನ ಕೊನೆಯಲ್ಲಿ ಒಂಟಿಯಾಗಿ ನಿಂತಿತು.

ಊಟ ಮುಗಿಸಿದವನು ಬಾಗಿಲಲ್ಲೇ ಕೆಲಸದ ಕನ್ನಡಕ ಏರಿಸಿಕೊಂಡ. ವರ್ಷಗಟ್ಟಲೆ ಮರಳು ಬಡಿದು ಕನ್ನಡಕವೇ ಮಂಜುಗಾಜಾಗಿತ್ತು. ಕೈಯಂದಾಜಿನಲ್ಲೇ ಊದಿ, ಅಕ್ಷರ ಕಿತ್ತು, ನೀರೆರಚಿ ತೊಳೆದು ಕನ್ನಡಕ ತೆಗೆದ. ಸಮುದ್ರ ಅಡುಗೆಕಟ್ಟೆಯಂತೆ ಸಪಾಟಾಗಿ ಮಲಗಿತ್ತು. ಶಭಾಷ್‌ಗಿರಿಗೆಂದು ಟೀಚರಮ್ಮನ ಜೊತೆ ಬಂದು ನಿಂತಿದ್ದ ದರ್ಜಿಯ ಮೊಣಕೈಗೆ ಇನ್ನೂ ಒಂದು 'ಲೆ' ಅಂಟಿತ್ತು.

ಅಷ್ಟರಲ್ಲೇ ಕವಯಿತ್ರಿ ಬರಬೇಕೇ.

"ಅಮ್ಮಾ, ಇದ್ರಲ್ಲಿ ನಂದೇನೂ ಇಲ್ಲ," ಎಂದು ಅವನು ಕೈಮುಗಿದುಬಿಟ್ಟ. "ನಾನು ಬರೀ ಮರಳು ಊದಿದೋನು. ಜೋಡಿಸಿದ್ದೆಲ್ಲ ಇವರಿಬ್ರೇ, ಆಣೆ ಮಾಡಿ ಹೇಳ್ತೀನಿ."

ಕವಯಿತ್ರಿ ಗಾಜಿನ ಹತ್ತಿರ ಬಂದು ಸಾಲುಗಳ ಮೇಲೆ ಬೆರಳಾಡಿಸಿದರು.

"ಹತ್ತು ವರ್ಷದಿಂದ ಏಳೋ ಅಲೆಗಳನ್ನೇ ಬರೀತಿದ್ದೆ. ಗಾಳಿ ನಿಂತ ಸಮುದ್ರ, ದಡ ಸೇರಿದ ದೋಣಿ... ಇದು ನಂಗೆ ಹೊಳೆದೇ ಇರ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು. "ಯಾರ ಕೆಲಸ ಅಂದ್ರಿ?"

"ಅದೇನಂದ್ರೆ ಅಮ್ಮಾ, ನಾನೂ ಸ್ವಲ್ಪ..."

"ಈಗ ತಾನೆ ಆಣೆ ಮಾಡಿದ್ಯಲ್ಲಪ್ಪ," ಎಂದರು ಟೀಚರಮ್ಮ.

ಹೆಸರಿಗೆಂದು ಬಿಟ್ಟಿದ್ದ ಮೂಲೆಯಲ್ಲಿ ಅವನು ಎರಡು ಹೆಸರು ಕೆತ್ತಿದ. ದರ್ಜಿ ಟೇಪು ಹಿಡಿದುಕೊಂಡ, ಟೀಚರಮ್ಮ ಕಾಗುಣಿತ ನೋಡಿಕೊಂಡರು. ಕೊಟ್ಟ ಮಾತಿನಂತೆ, ಸಂಜೆಯೊಳಗೆ ಬಾಗಿಲು ಗ್ರಂಥಾಲಯ ಸೇರಿತು.