ಬಾನೆಟ್ಟಿನ ಮೇಲೆ ಎದ್ದ ಕೈ

ಮುಟ್ಟಬೇಡಿ ಎಂದು ಬರೆದ ಹಲಗೆ ಕಂಡರೆ ಮನುಷ್ಯನಿಗೆ ಮುಟ್ಟಬೇಕೆನಿಸುತ್ತದಂತೆ. ಹಲಗೆ ಬರೆದವನಿಗೆ ಏನೆನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದೇ ಒಳ್ಳೆಯದು. ಅಂಥ ಹಲಗೆ ಬರೆದು, ನಮ್ಮ ಮನೆಯ ಅಂಗಳದಲ್ಲಿ ಹಗ್ಗಕ್ಕೆ ತೂಗುಹಾಕಿದವನು ನಾನು. ಈಗ ಆ ಹಗ್ಗದ ಮೇಲೆ ಬಟ್ಟೆ ಒಣಗುತ್ತವೆ. ಅದನ್ನು ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಬೈಲಹೊಂಗಲದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಸುಮ್ಮನೆ ಕುಳಿತಿರುವವನಿಗೆ ಮೊಬೈಲು ಬಹಳ ಕಲಿಸುತ್ತದೆ. ನನಗೆ ಅದು ಕಾರು ಕಟ್ಟಲು ಕಲಿಸಿತು. ಹಳೆಯ ಜೀಪೊಂದರ ತಗಡು ಕಳಚಿ, ರಾಜರ ಕಾಲದ ಕಾರಿನಂತೆ ಕಾಣುವ ತೆರೆದ ಫೈಬರ್ ಬಾಡಿ ತರಿಸಿ ಕೂರಿಸಿದೆ. ಅಷ್ಟರಲ್ಲಿ ಅಕ್ಕನ ಮಗನಿಗೆ ರಾಮದುರ್ಗದಲ್ಲಿ ಹೆಣ್ಣು ಗೊತ್ತಾಯಿತು. "ವರನ ಮೆರವಣಿಗಿ ನನ್ನ ಕಾರಿನ್ಯಾಗಽ" ಎಂದು ಸೋದರಮಾವನ ಗತ್ತಿನಲ್ಲಿ ಹೇಳಿಬಿಟ್ಟೆ. ಅಕ್ಕ ಅದನ್ನು ನಂಬಿ ಬೀಗರಿಗೂ ಹೇಳಿದಳು. ಬೇರೆ ಗಾಡಿ ಗೊತ್ತುಮಾಡಲೇ ಇಲ್ಲ.

ಬಣ್ಣವನ್ನೂ ನಾನೇ ಹೊಡೆಯುವುದೆಂದು ತೀರ್ಮಾನಿಸಿದೆ. ಫೈಬರ್ ಬಾಡಿ ಎಮ್ಮೆಯಂತಲ್ಲ, ಹಸುಗೂಸಿನಂತೆ. ಅಚ್ಚಿನಿಂದ ಬರುವಾಗ ಅದರ ಮೈಗೆ ಮೇಣ ಅಂಟಿರುತ್ತದೆ. ಅದನ್ನು ಸೋಪಿನ ನೀರಿನಲ್ಲಿ ತೊಳೆದು ತೆಗೆಯಬೇಕು. ಸೂಜಿಮೊನೆಯಷ್ಟು ತೂತುಗಳಿಗೆ ಪುಟ್ಟಿ ತುಂಬಬೇಕು. ಮರಳುಕಾಗದದಿಂದ ತಿಕ್ಕಬೇಕು, ಒರೆಸಬೇಕು, ಮತ್ತೆ ತಿಕ್ಕಬೇಕು. ಕೊನೆಗೆ ಥಿನ್ನರಿನ ಬಟ್ಟೆಯಿಂದ ಒರೆಸಿದ ಮೇಲೆ ಪ್ರೈಮರ್ ಎಂಬ ಅಡಿಬಣ್ಣ ಬೀಳುವ ತನಕ ಯಾರ ಕೈಯೂ ತಾಗಬಾರದು. ಎಣ್ಣೆಯ ಪಸೆ ಒಂದಿಷ್ಟು ತಗುಲಿದರೂ ಸಾಕು, ಮುನಿಸಿಕೊಂಡ ನೆಂಟನಂತೆ ಬಣ್ಣ ಅಲ್ಲಿಂದ ಹಿಂದೆ ಸರಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿಯೂ ಇದ್ದೆ.

ಆ ಕೊನೆಯ ಒರೆಸಾಟ ಬಿದ್ದದ್ದು ಅರಿಷಿಣ ಹಚ್ಚುವ ದಿನ. ಕಾರ್ಯ ನಮ್ಮ ಅಂಗಳದಲ್ಲೇ ಇತ್ತು. ನಾಲ್ಕು ತಂಬಿಗೆಗಳಿಗೆ ನೂಲು ಸುತ್ತಿ ಸುರಗಿ ಕಟ್ಟಿ, ನಡುವೆ ಅಳಿಯನನ್ನು ಕೂರಿಸಿ, ಹೆಂಗಸರು ಅರಿಷಿಣ ಎಣ್ಣೆ ಹಚ್ಚುತ್ತಿದ್ದರು. ಕಾರು ಆಚೆ ಹಗ್ಗದೊಳಗೆ. ನಮ್ಮವ್ವನ ಅಕ್ಕ, ದೊಡ್ಡವ್ವ, ಎಂಬತ್ತರ ಹತ್ತಿರದವಳು, ಕುಂಕುಮದ ಬಟ್ಟಲು ಹಿಡಿದು ಹಗ್ಗದಡಿ ತೂರಿ ಬಂದಳು.

"ದೊಡ್ಡವ್ವ, ಕೈ ತಗಿ ಅಲ್ಲಿಂದ."

"ಹೊಸಾ ಗಾಡಿ ಐತೆಲ್ಲೋ ತಮ್ಮಾ. ಒಂದ ಬಟ್ಟ ಕುಂಕುಮ ಅಷ್ಟ."

"ಬಣ್ಣ ಹಿಡ್ಯೂದಿಲ್ಲ. ನಿನಗ ತಿಳ್ಯೂದಿಲ್ಲ, ಅತ್ತಾಗ ಸರಿ."

ನೆನಪಿನಲ್ಲಿ ನಾನು ಇದನ್ನು ಮೆಲ್ಲಗೆ ಹೇಳಿದ್ದೇನೆ. ಓಣಿಯ ಆಚೆಗೂ ಕೇಳಿಸಿತು ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ನೆನಪು ಯಾವಾಗಲೂ ನನ್ನ ಪಕ್ಷದ ವಕೀಲನೇ ಆಗಿರುವುದರಿಂದ ಹೆಂಡತಿಯ ಮಾತನ್ನೇ ನಂಬಿ. ದೊಡ್ಡವ್ವ ಚಾಚಿದ ಬೆರಳನ್ನು ಹಿಂದಕ್ಕೆಳೆದು, ಕುಂಕುಮವನ್ನು ತನ್ನ ಸೆರಗಿಗೇ ಒರೆಸಿಕೊಂಡು ಹೊರಟುಹೋದಳು.

ಮಧ್ಯಾಹ್ನ ಪ್ರೈಮರ್ ಹೊಡೆದೆ. ಬೂದುಬಣ್ಣ ಹಾಲಿನ ಕೆನೆಯಂತೆ ಕೂತಿತು. ನಾನು ಹಿಂದೆ ಸರಿದು ಕಣ್ತುಂಬ ನೋಡುತ್ತಿದ್ದಂತೆ ಬಾನೆಟ್ಟಿನ ನಡುವೆ ಕೆನೆ ಒಡೆಯತೊಡಗಿತು. ಸಣ್ಣ ಸಣ್ಣ ಕುಳಿಗಳು, ಕುಳಿಗಳು ಕೂಡಿ ಒಂದು ಅಂಗೈ, ಅಂಗೈಗೆ ಬೆರಳು. ತಿಕ್ಕಿ ಮತ್ತೆ ಹೊಡೆದೆ. ತಿಕ್ಕಿದಷ್ಟೂ ಎಣ್ಣೆ ಒಳಗಿಳಿದು, ಕೈ ಇನ್ನಷ್ಟು ಸ್ಪಷ್ಟವಾಗಿ ಎದ್ದಿತು.

"ನೋಡ್ರಿ, ಹೇಳಿದ್ನಿಲ್ಲೊ? ದೊಡ್ಡವ್ವನ ಕೆಲಸ," ಎಂದೆ. ಎಲ್ಲರೂ ಸೇರಿದರು. ಅಕ್ಕ ತಲೆಯ ಮೇಲೆ ಕೈಹೊತ್ತಳು. ದೊಡ್ಡವ್ವ ಮಾತ್ರ, "ತಾಗಿತ್ತೋ ಏನೋ ನನ್ನ ಕೈ, ಕಣ್ಣ ಸರಿ ಕಾಣೂದಿಲ್ಲ," ಎಂದು ತಪ್ಪನ್ನು ತಾನೇ ಎತ್ತಿಕೊಂಡಳು.

ಆಗ ಅಳಿಯ, ಮೈಯೆಲ್ಲ ಅರಿಷಿಣವಾಗಿದ್ದವನು, ಬಗ್ಗಿ ನೋಡಿ ನಕ್ಕ. "ಮಾಮಾ, ಈ ಕೈಗೆ ತೋರಬೆರಳ ಅರ್ಧಾನಽ ಐತೆಲ್ರಿ."

ಅರ್ಧ ತೋರುಬೆರಳು ನಮ್ಮ ಮನೆತನದಲ್ಲಿ ಒಬ್ಬನಿಗೇ ಇರುವುದು. ಉಳಿದರ್ಧ ಮೇವು ಕತ್ತರಿಸುವ ಯಂತ್ರಕ್ಕೆ ಹೋಯಿತು ಎಂದು ನಾನು ಹೇಳುತ್ತ ಬಂದಿದ್ದೇನೆ. ಬಾಗಿಲಿಗೆ ಸಿಕ್ಕಿತ್ತು ಎಂದು ಅಕ್ಕ. ಅದೇನೇ ಇರಲಿ, ಕೈ ನನ್ನದು. ಸೋದರಮಾವನೆಂದು ನನ್ನನ್ನೂ ಸುರಗಿಯ ಹತ್ತಿರ ಕರೆದು ಹೆಂಗಸರು ಕೈಗೆ, ಕೆನ್ನೆಗೆ ಎಣ್ಣೆ ಬಳಿದಿದ್ದರು. ಬರೀ ನೀರಿನಲ್ಲಿ ತೊಳೆದುಕೊಂಡಿದ್ದೆ. ಆಮೇಲೆ ಯಾರೋ ಒರೆಸಿಟ್ಟ ಬಾನೆಟ್ಟು ನೋಡಿ, "ಭಾಳ ನುಣ್ಣಗಾಗೇತ್ರಿ," ಎಂದಾಗ, "ಹೂಂ, ಕೂಸಿನ ಕೆನ್ನಿ," ಎನ್ನುತ್ತ ನಾನೇ ಅಂಗೈ ಊರಿ ತೋರಿಸಿದ್ದೆ. ಬೇರೆಯವರು ಮುಟ್ಟದಂತೆ ಕಾಯುವುದರಲ್ಲಿ ನನ್ನ ಕೈ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಸುರಗಿಯ ಕಡೆ ಹೊರಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ದೊಡ್ಡವ್ವನಿಗೆ ತಪ್ಪಾಯಿತೆನ್ನಲು ಬಾಯಿ ತೆರೆದೆ, ಬಂದದ್ದು, "ಚಾ ಕುಡದೀ?" ಎಂಬ ಮಾತು.

ಮೇಲೆ ಕೆಂಪು ಬಳಿದರೂ ಕೈ ಹೋಗಲಿಲ್ಲ. ಬೇರೆ ಗಾಡಿ ಸಿಗಲಿಲ್ಲ. ರಾಮದುರ್ಗದಲ್ಲಿ ವಾಲಗದ ಮುಂದೆ ಕಾರು ಬಂದು ನಿಂತಾಗ ಬೀಗರ ಕಣ್ಣು ನೇರ ಬಾನೆಟ್ಟಿಗೇ ಹೋಯಿತು. "ಇದೇನ್ರಿ ಇದು?" ಎಂದರು. ಅಕ್ಕನ ಮುಖ ಸಣ್ಣದಾಯಿತು. ನಾನು ಚಕ್ರದ ಗಾಳಿ ಪರೀಕ್ಷಿಸುವವನಂತೆ ಬಗ್ಗಿದೆ.

"ಮಾವನ ಕೈರಿ," ಎಂದಳು ದೊಡ್ಡವ್ವ, ರೆಪ್ಪೆ ಅಲುಗಿಸದೆ. "ನಮ್ಮ ಮಂದಿ ಪದ್ಧತಿ. ಸೋದರಮಾವ ಅರಿಷಿಣ ಎಣ್ಣಿ ಕೈ ಒತ್ತಿದ ಮ್ಯಾಲನ ವರ ಗಾಡಿ ಹತ್ತೂದು. ನಿಮ್ಮ ಕಡೆ ಇಲ್ಲೇನ್ರಿ?"

ಬೀಗರು ತಮ್ಮ ಕಡೆ ಇಲ್ಲವೆಂದು ತುಸು ನಾಚಿಕೊಂಡರು. ಅವರ ಪಾಲಿನ ಆ ನಾಚಿಕೆಯೂ ನನ್ನದೇ.

ಇಲ್ಲಿಗೆ ಮುಗಿಯಬೇಕಿತ್ತು. ಮೊನ್ನೆ, ಆ ಮದುವೆಗೆ ಬಂದಿದ್ದ ಸವದತ್ತಿಯ ನೆಂಟರು ಫೋನು ಮಾಡಿ, ತಮ್ಮ ಮಗನ ಮದುವೆಗೆ ಹೊಸ ಕಾರು ತಂದಿರುವುದಾಗಿಯೂ, ಹುಡುಗನ ಸೋದರಮಾವ ತೀರಿಕೊಂಡಿರುವುದರಿಂದ ನಾನೇ ಬಂದು ಕೈ ಒತ್ತಬೇಕೆಂದೂ ಕೇಳಿಕೊಂಡರು. ಹಿಂದೆ ಚಕ್ಕಡಿಯ ನೊಗಕ್ಕೆ ನಮ್ಮ ಅಜ್ಜ ಹೀಗೆಯೇ ಕೈ ಒತ್ತುತ್ತಿದ್ದನಂತೆ. ಅವರ ಮನೆಯ ಹಿರಿಯರೊಬ್ಬರಿಗೆ ಚೆನ್ನಾಗಿ ನೆನಪಿದೆಯಂತೆ. ಅಂಥದ್ದೇನೂ ಇರಲಿಲ್ಲ ಎಂದು ಹೇಳಬೇಕಿತ್ತು. "ಬಲಗೈಯೋ ಎಡಗೈಯೋ?" ಎಂದು ಕೇಳಿದೆ. ಫೋನು ಇಟ್ಟ ಮೇಲೆ ನೋಡಿದರೆ, ನಾಚಿಕೆಗೇಡು, ಅಜ್ಜನ ಕೈ ನನಗೂ ನೆನಪಾಗತೊಡಗಿತ್ತು.