ಸ್ಯಾಮ್‌ರ ಸ್ವೆಟರೂ ನನ್ನ ಪರಿಚಯ ಭಾಷಣವೂ

ನನ್ನ ಕೈಗೆ ಮೈಕು ಕೊಡಬಾರದೆಂದು ನನ್ನ ಹೆಂಡತಿ ವಿನಯಾ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದಳು. ದುಬೈಯ ನಮ್ಮ ಕನ್ನಡ ಸಂಘದವರಿಗೆ ಅದು ತಿಳಿಯಲು ಸ್ಯಾಮ್ ಬರಬೇಕಾಯಿತು.

ಸ್ಯಾಮ್ ಅಮೆರಿಕದ ಯಹೂದಿ. ನಾನು ಪಾರ್ಟಿಗಳ ಊಟೋಪಚಾರ ನೋಡಿಕೊಳ್ಳುತ್ತಿದ್ದ ರೆಸಾರ್ಟಿನಲ್ಲಿ ವೇದಿಕೆ ಮೇಲೆ ನಿಂತು ನಗಿಸುವುದು ಅವರ ಕೆಲಸ. ಹುಡುಗನಾಗಿದ್ದಾಗ ಅಮೆರಿಕದ ಬೆಟ್ಟದ ರೆಸಾರ್ಟುಗಳಲ್ಲಿ, ಬೇಸಿಗೆ ಕಳೆಯಲು ಬರುತ್ತಿದ್ದ ಯಹೂದಿ ಸಂಸಾರಗಳಿಗೆ ಸೂಪು ಬಡಿಸುತ್ತಾ ಜೋಕು ಶುರುಮಾಡಿದವರು. ಸೂಪು ಚೆಲ್ಲಿದಾಗ ಬೈಗುಳ ತಪ್ಪಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲವಂತೆ. ಎಪ್ಪತ್ತು ದಾಟಿದರೂ ನಗಿಸುವ ಚಪಲ ಹೋಗಿರಲಿಲ್ಲ. ಅಷ್ಟರಲ್ಲಿ ರೆಸಾರ್ಟಿನವರು ಅವರ ಜಾಗಕ್ಕೆ ಡಿಜೆ ತಂದರು. ಊರಿಗೆ ಹೊರಡುವ ಮುಂಚೆ ತುಂಬಿದ ಸಭೆಯೊಂದು ನಗುವುದನ್ನು ಕೊನೆಯ ಬಾರಿ ಕೇಳಬೇಕು ಎಂದರು ಸ್ಯಾಮ್. ಊದ್ ಮೇಥಾ ಬಡಾವಣೆಯಲ್ಲಿ ನಡೆಯುವ ನಮ್ಮ ವಾರ್ಷಿಕೋತ್ಸವಕ್ಕೆ ಕರೆದೆ.

ಕರೆದ ಮೇಲೆ ನಮ್ಮ ಪದ್ಧತಿ ಬಿಡುವುದುಂಟೇ? ಪೇಟ ತೊಡಿಸಿ, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿಯಿಟ್ಟು ವೇದಿಕೆಯಲ್ಲಿ ಕೂರಿಸಿದೆವು. ಅತಿಥಿಯ ಪರಿಚಯ ನನ್ನದು. ಬರೀ ಹಾಸ್ಯಗಾರರು ಎಂದರೆ ಸಾಲದೆಂದು ಒಂದು ಉದಾಹರಣೆ ಕೊಟ್ಟೆ. ಅವರು ಮರಳುಗಾಡಿಗೆ ಬಂದಾಗ ತೊಂಬತ್ತು ದಾಟಿದ ತಾಯಿ ಸ್ವೆಟರ್ ಕಳಿಸಿದರಂತೆ. ಇಲ್ಲಿ ಬೆಂಕಿಯಂಥ ಸೆಕೆ ಅಮ್ಮಾ ಎಂದರೆ, ಹಾಗಾದರೆ ಏಸಿ ಜೋರಿರುತ್ತದೆ, ಹಾಕಿಕೋ ಎಂದರಂತೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ನನಗೆ ರುಚಿ ಹತ್ತಿತು. ಸೂಪಿನದೂ ಸೇರಿ ಅವರ ಬತ್ತಳಿಕೆಯಲ್ಲಿದ್ದುದನ್ನೆಲ್ಲ ಕನ್ನಡದಲ್ಲಿ ಖಾಲಿ ಮಾಡಿದೆ. ಭಾಷೆ ತಿಳಿಯದ ಸ್ಯಾಮ್ ಪೇಟ ಕುಣಿಸುತ್ತಾ ತಾವೂ ನಕ್ಕರು.

ಆಮೇಲೆ ಅವರು ಮೈಕು ಹಿಡಿದು ಇಂಗ್ಲಿಷಿನಲ್ಲಿ ಸ್ವೆಟರ್ ಕಥೆ ಹೇಳಿದರು. ಯಾರೂ ನಗಲಿಲ್ಲ. ಸೂಪು ಚೆಲ್ಲಿದ ಕಥೆ ತೆಗೆದರು, ಅದಕ್ಕೂ ನಗುವಿಲ್ಲ. ಅಧ್ಯಕ್ಷರಾದ ಶೆಟ್ರು ಗೌರವಕ್ಕೆಂದು ಕೆಮ್ಮಿದರು. ಸ್ಯಾಮ್ ಮುಖ ಬಾಡಿತು. ನಾನು ಭೂಮಿಗಿಳಿದುಹೋದೆ. ಮುಂದಿನ ಸಾಲಿನಲ್ಲಿದ್ದ ನನ್ನ ಮಗಳು, ಇದನ್ನೆಲ್ಲ ಪಪ್ಪ ಆಗಲೇ ಹೇಳಿಯಾಯಿತೆಂದು ಇಂಗ್ಲಿಷಿನಲ್ಲೇ ಅವರಿಗೆ ವರದಿ ಒಪ್ಪಿಸಿದಳು.

ಸ್ಯಾಮ್ ನನ್ನತ್ತ ನೋಡಿದರು. ನಿಧಾನವಾಗಿ ಶಾಲು ತೆಗೆದು ನನಗೆ ಹೊದಿಸಿದರು. "ನನ್ನ ಜೋಕು ಕದ್ದವರು ಬಹಳ ಜನ. ಎದುರಿಗೇ ಕೂರಿಸಿ, ತಲೆಗೆ ಪೇಟ ಇಟ್ಟು ಕದ್ದವನು ಇವನೊಬ್ಬನೇ" ಎಂದರು.

ಸಭಾಂಗಣ ಬಿರಿಯುವಂತೆ ಜನ ನಕ್ಕರು, ವಿನಯಾ ಎಲ್ಲರಿಗಿಂತ ಜೋರಾಗಿ. ಸ್ಯಾಮ್ ಕಣ್ಣೊರೆಸಿಕೊಂಡರು. ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಈಗ ಸಂಘದವರು ನನಗೆ ವಂದನಾರ್ಪಣೆ ಮಾತ್ರ ಕೊಡುತ್ತಾರೆ, ಅದೂ ಊಟ ಶುರುವಾದ ಮೇಲೆ. ಎದುರಿಗೆ ಕುರ್ಚಿಗಳಷ್ಟೇ ಇರುತ್ತವೆ. ಖಾಲಿ ಸಭಾಂಗಣದಲ್ಲಿ ಏಸಿ ಜೋರು. ಆ ಶಾಲು ಹೊದ್ದುಕೊಂಡೇ ಮಾತಾಡುತ್ತೇನೆ.